ಎಣ್ಣೆಯ ಬಾಟಲಿ, ಅರಳಿಮರದ ಸುತ್ತು

ಮದುವೆಯಾಗಿ ಐದು ವರ್ಷವಾದರೂ ನಮಗೆ ಮಕ್ಕಳಾಗಲಿಲ್ಲ. ಎಪ್ಪತ್ತರ ದಶಕದ ನಮ್ಮೂರು ಮಸೂತಿಯಲ್ಲಿ ಇದಕ್ಕೆ ಕಾರಣ ಹುಡುಕಲು ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ, ತಪ್ಪು ಹೆಂಡತಿಯದೇ. ಅವ್ವ ಅವಳಿಂದ ಪ್ರತಿ ಸೋಮವಾರ ಒದ್ದೆ ಸೀರೆಯಲ್ಲಿ ಅರಳಿಮರಕ್ಕೆ ಇಪ್ಪತ್ತೊಂದು ಸುತ್ತು ಹಾಕಿಸುತ್ತಿದ್ದಳು. ನಾನು ಕಟ್ಟೆಯ ಮೇಲೆ ಕೂತು ಎಲೆ-ಅಡಿಕೆ ಜಗಿಯುತ್ತ ಸುತ್ತು ಎಣಿಸುತ್ತಿದ್ದೆ. ಅಷ್ಟು ದೊಡ್ಡ ಜವಾಬ್ದಾರಿ ನನ್ನದು! ಕೊನೆಗೊಂದು ದಿನ ಅವ್ವ, "ಯುಗಾದಿತನಕ ನೋಡ್ತೇನಿ. ಆಮ್ಯಾಲೆ ಇನ್ನೊಂದು ಹೆಣ್ಣು ತರ್ತೇನಿ" ಎಂದಳು. ಹೆಂಡತಿ ಅಂದು ಊಟ ಮಾಡಲಿಲ್ಲ.

ಅವಳನ್ನು ಬಾಗೇವಾಡಿಯ ಡಾಕ್ಟರ ಬಳಿ ಕರೆದೊಯ್ದೆ. ಅವರು ಪರೀಕ್ಷಿಸಿ, "ಈಕೀಗೆ ಏನೂ ಆಗಿಲ್ಲ. ನಿಮ್ದ ನೋಡೂಣು" ಎಂದರು. ಆಗ ದವಾಖಾನೆಗೆ ಹೋಗುವವರು ಔಷಧಕ್ಕೆಂದು ಬಾಟಲಿಯನ್ನು ಮನೆಯಿಂದಲೇ ಒಯ್ಯುತ್ತಿದ್ದರು. ನಾನು ಒಯ್ದಿದ್ದ ಬಾಟಲಿಯನ್ನೇ ಹಿಡಿದು ಹಿಂದಿನ ಕೋಣೆಗೆ ಹೋದೆ, ಬೆವರುತ್ತ ಹೊರಬಂದೆ.

ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟ ಡಾಕ್ಟರು ಬಹಳ ಹೊತ್ತು ತಲೆ ಎತ್ತಲಿಲ್ಲ.

"ಎಲ್ಲಾ ಸತ್ತಾವಲ್ರಿ! ಈ ಬಾಟ್ಲ್ಯಾಗ ಮೊದ್ಲ ಏನಿತ್ತು?"

"ಹತ್ತಿಗೆ ಹೊಡಿಯೋ ಎಣ್ಣಿರಿ. ಮೂರು ಸಲ ತೊಳದೇನ್ರಿ."

ನಮ್ಮಲ್ಲಿ ಕೀಟನಾಶಕಕ್ಕೆ ಎಣ್ಣೆ ಎನ್ನುತ್ತಾರೆ. ಡಾಕ್ಟರು ಹಣೆ ಚಚ್ಚಿಕೊಂಡು, ನಾಲ್ಕು ದಿನ ಬಿಟ್ಟು ಬರಲು ಹೇಳಿದರು. ಮತ್ತೆ ಹೋದಾಗ ತಮ್ಮದೇ ಶೀಷೆ ಕೊಟ್ಟರು. ಈ ಸಲ ಬಾಟಲಿಯ ಮೇಲೆ ತಪ್ಪು ಹೊರಿಸುವಂತಿರಲಿಲ್ಲ: ಇದ್ದವೇ ಬೆರಳೆಣಿಕೆ, ಅವಕ್ಕೂ ಓಡಾಡುವ ಉಮೇದು ಇರಲಿಲ್ಲ.

"ಎಣ್ಣಿ ಹೆಂಗ ಹೊಡೀತೀರಿ?"

ಹೆಮ್ಮೆಯಿಂದಲೇ ಹೇಳಿದೆ: ಕೈಯಿಂದಲೇ ಕಲಸುತ್ತೇನೆ, ಬರಿಮೈಯಲ್ಲಿ ಪಂಪು ಹೊರುತ್ತೇನೆ, ಅದು ಸೋರಿ ಧೋತರ ಸಂಜೆತನಕ ತೊಯ್ದಿರುತ್ತದೆ.

"ಅದರಿಂದನ ಅಂತ ನನಗೂ ಖಾತ್ರಿ ಇಲ್ಲ. ಆದ್ರ ಒಂದು ವರ್ಷ ಅದನ್ನ ಮುಟ್ಟಬ್ಯಾಡ್ರಿ."

ಕಟ್ಟೆಯ ಮೇಲೆ ಕೂತು ಎಣಿಸಿದ ಸುತ್ತುಗಳೆಲ್ಲ ನೆನಪಾಗಿ ನಾಚಿಕೆಯಾಯಿತು. ಆದರೂ ಅವ್ವನಿಗೆ ಹೇಳಲು ಮೂರು ದಿನ ಬೇಕಾಯಿತು. ಮಾತು ಬಾಯಿಗೆ ಬಂದಾಗಲೆಲ್ಲ ಎತ್ತುಗಳಿಗೆ ನೀರು ಕುಡಿಸಲು ಓಡುತ್ತಿದ್ದೆ; ಪಾಪ, ಅವು ಕೊಡ ಕಂಡರೆ ಮುಖ ತಿರುಗಿಸತೊಡಗಿದವು. ಕೊನೆಗೆ, "ಅವ್ವಾ, ದೋಷ ನಂದೈತಿ, ಆಕೀದಲ್ಲ" ಎಂದುಬಿಟ್ಟೆ.

ಇನ್ನೊಂದು ಹೆಣ್ಣಿನ ಮಾತು ಅಂದಿಗೇ ಮುಗಿಯಿತು. ಅರಳಿಮರದ್ದು ಮುಗಿಯಲಿಲ್ಲ. ಸೋಮವಾರ ಬೆಳಿಗ್ಗೆ ಅವ್ವ ನನ್ನ ತಲೆಯ ಮೇಲೆ ಒಂದು ಕೊಡ ತಣ್ಣೀರು ಸುರುವಿ, "ನಡಿ" ಎಂದಳು.

ಒದ್ದೆ ಧೋತರದಲ್ಲಿ ನಡುಗುತ್ತ ಸುತ್ತಿದೆ. ಕಟ್ಟೆಯ ಮೇಲೆ ಕೂತು ಎಣಿಸುವ ಕೆಲಸ ಈಗ ಹೆಂಡತಿಯದು. ಇಪ್ಪತ್ತೊಂದು ಮುಗಿಸಿ ನಿಂತೆ.

"ಹದಿನಾಲ್ಕಾತ್ರಿ. ನಡೀರಿ" ಎಂದಳು.

ಬಹಳ ದಿನಗಳ ಮೇಲೆ ಅವಳ ಮುಖದಲ್ಲಿ ನಗು ಕಂಡಿತ್ತು. ನಾನು ಮತ್ತೆ ಸುತ್ತತೊಡಗಿದೆ.