ಒಂದು ಮಳೆಗಾಲ ಇದ್ದು ಕೊಂಡ ಮನೆ

ಕುಮಟೆಗೆ ಬಂದ ಮರುದಿನ ಬೆಳಿಗ್ಗೆ ನನ್ನನ್ನು ಎಬ್ಬಿಸಿದ್ದು ರೈಲುಗಾಡಿಯ ಸದ್ದು. ಹಾಗೆಂದು ನಾನು ತಿಳಿದೆ. ಕಲಬುರಗಿಯ ಗಾಜಿಪುರದ ಮನೆಗೂ ಮುಂಬಯಿ ಗಾಡಿಯ ಸದ್ದು ಕೇಳಿಸುತ್ತಿತ್ತು. ಅದು ಬರುತ್ತಿತ್ತು, ಹೋಗುತ್ತಿತ್ತು. ಇದು ಬರುತ್ತಲೇ ಇತ್ತು, ಹೋಗಲಿಲ್ಲ.

“ಇದೆಂಥಾ ಗಾಡೀರಿ, ಎಷ್ಟ ಉದ್ದ ಅದ?” ಎಂದು ನಮ್ಮವರನ್ನು ಕೇಳಿದೆ.

ಅವರು ನಕ್ಕು ಹಿತ್ತಲ ಬಾಗಿಲು ತೆರೆದರು. ಒಂದಿಷ್ಟು ತೆಂಗಿನ ಮರ, ಆಚೆಗೆ ಮರಳು, ಅದರಾಚೆ ಭೂಮಿಯೇ ಇರಲಿಲ್ಲ. ನಾನು ಹುಟ್ಟಿದ್ದು ಕಮಲಾಪುರದಲ್ಲಿ, ಕಪ್ಪು ಮಣ್ಣಿನ ಹೊಲ ಮತ್ತು ಕೆಂಪು ಬಾಳೆಯ ತೋಟದ ನಡುವೆ. ಕಲಬುರಗಿಯ ಕೆರೆಗಿಂತ ದೊಡ್ಡ ನೀರನ್ನು ಅಲ್ಲಿಯತನಕ ನೋಡಿದವಳಲ್ಲ. ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ನಮ್ಮನ್ನು ಇಷ್ಟು ದೂರ ಎಳೆದು ತಂದದ್ದು ಕನ್ನಡ. ನಮ್ಮ ಯಜಮಾನರು ಕನ್ನಡ ಚೆನ್ನಾಗಿ ಓದಿದವರು. ಆದರೆ ನಿಜಾಮರ ಸೀಮೆಯಲ್ಲಿ ಕಚೇರಿ ಉರ್ದು, ಶಾಲೆಯೂ ಉರ್ದು. ಕನ್ನಡದ ಮಾಸ್ತರಿಗೆ ಅಲ್ಲಿ ಏನು ಕೆಲಸ? ಕುಮಟೆ ಮುಂಬಯಿ ಸರಕಾರಕ್ಕೆ ಸೇರಿದ್ದು, ಅಲ್ಲಿಯ ಕನ್ನಡ ಶಾಲೆಯಲ್ಲಿ ಇವರಿಗೆ ಮಾಸ್ತರಿಕೆ ಸಿಕ್ಕಿತು. ಕಲಬುರಗಿಯಿಂದ ಸೋಲಾಪುರದ ಕಡೆ ಹೋಗಿ, ಹೊಟಗಿಯಲ್ಲಿ ಗಾಡಿ ಬದಲಿಸಿ ಹುಬ್ಬಳ್ಳಿ, ಅಲ್ಲಿಂದ ಎತ್ತಿನ ಬಂಡಿಯಲ್ಲಿ ಘಟ್ಟ ಇಳಿದು ಬಂದೆವು. ಊರೊಳಗೆ ಬಂದಾಗ ಇವರು ಕಚೇರಿಯ ಮುಂದೆ ಬಂಡಿ ನಿಲ್ಲಿಸಿ, ಗೋಡೆಗೆ ಅಂಟಿಸಿದ್ದ ಸರಕಾರಿ ಕಾಗದವನ್ನು ಗಟ್ಟಿಯಾಗಿ ಓದಿದರು. ಕನ್ನಡದಲ್ಲಿತ್ತು. ಅದು ಯಾರದೋ ಗದ್ದೆಯ ಹರಾಜಿನ ಸುದ್ದಿ. ಆದರೂ ಎರಡು ಸಲ ಓದಿದರು.

ನಮ್ಮ ಮಾತಿನ ಮರ್ಯಾದೆ ಪೇಟೆಗೆ ಹೋದ ದಿನವೇ ತಿಳಿಯಿತು. “ಜರಾ ಜಲ್ದಿ ಕೊಡ್ರಿ” ಎಂದರೆ ಅಂಗಡಿಯವನು ತಕ್ಕಡಿ ಬಿಟ್ಟು ನಗುತ್ತಿದ್ದ. ನಿಜಾಮರ ಸೀಮೆಗೆ ಕುಮಟೆಯವರು ಮೊಗಲಾಯಿ ಎನ್ನುತ್ತಾರೆ. ನಾನು ಮೊಗಲಾಯಿ ಅಕ್ಕನಾದೆ. ಅವರು ಮನೆಯಲ್ಲಿ ಆಡುವುದು ಕೊಂಕಣಿ. ಅದರಲ್ಲಿ ನನಗೆ ಮೊದಲು ಸಿಕ್ಕ ಮಾತು ‘ದರ್ಯಾ’. ಗಾಜಿಪುರದಲ್ಲಿ ಪಕ್ಕದ ಮನೆಯ ಖತೀಜಾಬಿ ದರಿಯಾ ಎನ್ನುತ್ತಿದ್ದದ್ದು ಹೊಳೆಗೆ. ಇಲ್ಲಿ ಸಮುದ್ರಕ್ಕೇ ದರ್ಯಾ. ಖತೀಜಾಬಿಗೆ ಇದನ್ನು ಹೇಳಬೇಕೆನಿಸಿ, ಹೇಳಲು ಅವಳು ಹತ್ತಿರವಿಲ್ಲದೆ, ಅಂದು ಬಹಳ ಅತ್ತೆ.

ಸೆಕೆಯೂ ಬೇರೆ. ನಮ್ಮಲ್ಲಿ ಬಿಸಿಲು ಹೊರಗೆ ನಿಲ್ಲುತ್ತದೆ. ಕಲ್ಲಿನ ಮನೆಯೊಳಗೆ ಬಂದರೆ ತಂಪು, ರಾತ್ರಿ ಮಾಳಿಗೆಯ ಮೇಲೆ ಹಾಸಿದರೆ ನಕ್ಷತ್ರ. ಇಲ್ಲಿ ಸೆಕೆ ನಮ್ಮೊಡನೆ ಒಳಗೆ ಬಂದು ಕೂರುತ್ತದೆ. ಮಾಡು ಇಳಿಜಾರು, ಮೇಲೆ ಮಲಗುವ ಮಾತೇ ಇಲ್ಲ. ಒಗೆದ ಸೀರೆ ಸಂಜೆಗೂ ಒಣಗದು. ಕುಸುಬಲಕ್ಕಿಯ ಗಂಜಿ ಉಂಡರೆ ಊಟವಾಯಿತೆಂದು ನನಗೆ ಅನಿಸುತ್ತಿರಲಿಲ್ಲ. ಆದರೆ ಸಂಜೆ ಸಮುದ್ರದ ಕಡೆಯಿಂದ ಗಾಳಿ ಏಳುತ್ತಿತ್ತು. ಆ ಗಾಳಿಗೆ ಮುಖವೊಡ್ಡಿ ಕುಳಿತಾಗ ಮಾತ್ರ ನನಗೆ ಯಾರ ಮೇಲೂ ಸಿಟ್ಟಿರುತ್ತಿರಲಿಲ್ಲ.

ನಾವು ಬಾಡಿಗೆಗೆ ಇದ್ದ ಮನೆಯನ್ನು ಮಾಲಕರು ತಮ್ಮ ಮಗಳಿಗೆಂದು ಬಿಡಿಸಿಕೊಂಡಾಗ, ಮರಳ ದಂಡೆಯ ಹತ್ತಿರ ಶೇವಂತಿಬಾಯಿಯ ಮನೆ ಮಾರಾಟಕ್ಕಿದೆಯೆಂದು ತಿಳಿಯಿತು. ಆಕೆ ಮೀನುಗಾರರ ಪೈಕಿ ವಿಧವೆ. ಗಂಡ ಹಾಯಿಯ ಹಡಗಿನಲ್ಲಿ ಮುಂಬಯಿಯವರೆಗೆ ಸರಕು ಸಾಗಿಸಿದವನು. ಅವನು ಕೆಂಪು ಚಿರೆಕಲ್ಲಿನಲ್ಲಿ ಕಟ್ಟಿಸಿದ ಮನೆ ಅದು. ಮಕ್ಕಳಿಲ್ಲದ ಆಕೆ ಅದೇ ಅಂಗಳದ ತುದಿಯ ಸಣ್ಣ ಮನೆಯಲ್ಲಿ ಇದ್ದುಕೊಂಡು ದೊಡ್ಡದನ್ನು ಮಾರಬೇಕೆಂದಿದ್ದಳು. ಹಿಂದಿನ ಜಗಲಿಯಲ್ಲಿ ಕೂತರೆ ಅಲೆ ಕಾಣುತ್ತಿತ್ತು. ನನಗೆ ಅಷ್ಟು ಸಾಕಾಯಿತು.

“ಈಗ ಮಾರೂದಿಲ್ಲ” ಎಂದಳು ಶೇವಂತಿಬಾಯಿ. “ಬೇಸಿಗೆಯಲ್ಲಿ ಎಲ್ಲರಿಗೂ ದರ್ಯಾ ಚಂದ. ಮೊದಲು ಕೊಂಡ ಘಟ್ಟದ ಮೇಲಿನವರು ಆಷಾಢಕ್ಕೆ ಬೀಗ ಹಾಕಿ ಓಡಿದ್ರು. ಒಲೆ ಹೊತ್ತದೆ, ಹೊಗೆ ತಾಗದೆ ಮಾಡಿನ ಮರ ಎಲ್ಲ ಕೊಳೀತು. ಅವರ ಕೈಯಿಂದ ಮನೆ ತಿರುಗಿ ತಗೊಳ್ಳೂವಷ್ಟರಲ್ಲಿ ನನಗೆ ಸಾಕಾಯ್ತು. ಒಂದು ಮಳೆಗಾಲ ಇದ್ದು ನೋಡಿ ತಂಗೀ. ಆಮೇಲೂ ಬೇಕು ಅಂದ್ರೆ ಮನೆ ನಿಮ್ಮದು.”

ನಾವು ಆ ಮನೆಗೆ ಹೋದ ವಾರದಲ್ಲೇ ಕಲಬುರಗಿಯಿಂದ ನಮ್ಮ ಭಾವ, ಇವರ ಅಣ್ಣ, ಬಂದರು. ನಮ್ಮನ್ನು ಕರೆದೊಯ್ಯಲೆಂದೇ ಬಂದದ್ದು. ಅಂಗಳದಾಚೆ ಶೇವಂತಿಬಾಯಿ ಒಣಗಲೆಂದು ಚಾಪೆಯ ಮೇಲೆ ಹರಡಿದ ಮೀನು ನೋಡಿ ಧೋತರದ ತುದಿಯಿಂದ ಮೂಗು ಮುಚ್ಚಿಕೊಂಡರು.

“ಏನೋ ತಮ್ಮಾ, ಕೊರಳಾಗ ಲಿಂಗ ಕಟ್ಟಿದವರು ನಾವು. ಇಲ್ಲಿ ಕುಂತು ಪೂಜಿ ಹ್ಯಾಂಗ ಮಾಡ್ತೀರಿ? ಬಾಡಿಗಿ ಮನ್ಯಾಗ ಇದ್ರ ನಾಳಿ ಬಂದಾರು ಅಂತ ಕಾಯ್ತಿದ್ವಿ. ಮನಿ ತಗೊಂಡ್ರ ಇನ್ನ ಬರಂಗಿಲ್ಲ ಅಂದಂಗ ಆತು.”

ಇವರು ತಲೆ ತಗ್ಗಿಸಿ ಕೂತರು. ನಾನು ಒಳಗಿನಿಂದ, “ಭಾವಾರ್ರಿ, ಮಳಿಗಾಲ ಮುಗೀಲಿ. ಆಮ್ಯಾಲ ಹೇಳ್ತೀವಿ” ಎಂದೆ. ಅವರು ಒಬ್ಬರೇ ಹಿಂತಿರುಗಿದರು.

ಶೇವಂತಿಬಾಯಿ ತನ್ನ ಹೊಸ್ತಿಲಲ್ಲಿ ಕೂತು ಇದನ್ನೆಲ್ಲ ಕೇಳಿಸಿಕೊಂಡಿದ್ದಳು. ಮರುದಿನ ನೋಡಿದರೆ ಮೀನಿನ ಚಾಪೆಗಳು ಆಕೆಯ ಮನೆಯ ಹಿಂದಕ್ಕೆ ಹೋಗಿದ್ದವು. ಅಲ್ಲಿ ಅರ್ಧ ದಿನ ನೆರಳು. ಯಾಕೆಂದು ಕೇಳಿದ್ದಕ್ಕೆ, “ಅತ್ಲಾಗೆ ಗಾಳಿ ಚಲೋ ಅದೆ” ಎಂದಳು. ಗಾಳಿ ಅಲ್ಲಿ ಇರಲೇ ಇಲ್ಲ. ಅಂದಿನಿಂದ ನಾನು ಆಕೆಯನ್ನು ಆಯಿ ಎನ್ನತೊಡಗಿದೆ. ನಮ್ಮಲ್ಲಿ ಆಯಿ ಎಂದರೆ ಅಜ್ಜಿ, ಅವರಲ್ಲಿ ತಾಯಿ. ಆಕೆ ತನಗೆ ಬೇಕಾದ ಅರ್ಥವನ್ನು ಇಟ್ಟುಕೊಂಡಳು.

ಆಮೇಲೆ ಮಳೆ ಬಂತು. ನಮ್ಮ ಊರಲ್ಲಿ ಮಳೆ ಬಂದರೆ ಅಂಗಳಕ್ಕೆ ಹೋಗಿ ನಿಲ್ಲುತ್ತೇವೆ. ಇಲ್ಲಿಯ ಮಳೆ ಬಾಗಿಲು ತೆರೆಯಗೊಡದು. ಗೋಡೆಗೆ ನೀರು ಬಡಿಯದಂತೆ ತೆಂಗಿನ ಗರಿಯ ತಟ್ಟಿ ಕಟ್ಟುವುದನ್ನು ಆಯಿ ಕಲಿಸಿದಳು. ಊರಿನಿಂದ ತಂದಿದ್ದ ಜೋಳಕ್ಕೆ ಬೂಜು ಹಿಡಿಯುತ್ತಿದ್ದದ್ದನ್ನು ಕಂಡು, ಚೀಲವನ್ನು ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದಳು. ಹೊಗೆ ತಾಗಿದ ಆ ಜೋಳದ ರೊಟ್ಟಿ ತಿಂದು, “ಇದೆಂತ, ಹಲ್ಲಿಗೆ ಕೆಲಸ!” ಎಂದು ನಕ್ಕಳು; ಮತ್ತೊಂದು ಕೇಳಿ ಹಾಕಿಸಿಕೊಂಡಳು.

ನಡುಮಳೆಗಾಲದಲ್ಲಿ ಇವರಿಗೆ ಚಳಿಜ್ವರ ಹತ್ತಿತು. ಅದೇ ವಾರ ಒಂದು ಮಧ್ಯಾಹ್ನ ಗಾಳಿ ಎದ್ದು ಅಡುಗೆಮನೆಯ ಹಂಚುಗಳನ್ನು ಕಿತ್ತು ಹಾಕಿತು. ಒಲೆಯ ಮೇಲೆ ನೇರವಾಗಿ ಮಳೆ. ಸಮುದ್ರ ಹಿತ್ತಲಿನ ತೆಂಗಿನ ಬುಡಕ್ಕೆ ಬಂದಿತ್ತು. ಇವರು ಕಂಬಳಿಯೊಳಗಿಂದಲೇ, “ಸಾಕು. ಮಳಿ ನಿಂತ ಕೂಡಲೇ ಊರಿಗಿ ಹೋಗಮು” ಎಂದರು. ನಾನೂ ಮನಸ್ಸಿನಲ್ಲೇ ಗಂಟು ಕಟ್ಟತೊಡಗಿದೆ. ಕಮಲಾಪುರದ ಒಣ ಅಂಗಳ ಕಣ್ಣಿಗೆ ಕಟ್ಟಿತು.

ಅಷ್ಟರಲ್ಲಿ ಆಯಿ ಓಣಿಯ ಗಂಡಸರನ್ನು ಕರೆದುಕೊಂಡು ನೆನೆಯುತ್ತ ಬಂದಳು. ಅವರು ಮಾಡು ಹತ್ತಿದರು. ಒಬ್ಬರೂ ನನ್ನನ್ನು ಏನೂ ಕೇಳಲಿಲ್ಲ. ಆಯಿ ಇವರ ಹಾಸಿಗೆಯನ್ನು ನಡುಮನೆಗೆ ಎಳೆದು, ತನ್ನ ಮನೆಯ ಕೆಂಡ ತಂದು ಅಲ್ಲೇ ಬೆಂಕಿ ಮಾಡಿದಳು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು:

“ಹೋಗ್ತ್ರಿ ಅಲ್ದ?”

“ಹಂಚ ಹೊದಸೂದು ಇನ್ನೂ ಅದ ಆಯಿ, ಎಲ್ಲಿಗಿ ಹೋಗ್ಲಿ?” ಎಂದೆ. ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು. ಸೆರಗು ಸಿಕ್ಕಿಸಿ, ಮೇಲಿದ್ದವರಿಗೆ ಹಂಚು ಎತ್ತಿ ಕೊಡತೊಡಗಿದೆ.

ಇವರ ಜ್ವರ ಇಳಿಯಿತು. ಗಂಜಿ ಕುಡಿಯುತ್ತ ಮಾಡು ನೋಡಿ, “ಸೋರಾಕತ್ತಿಲ್ಲಲ್ಲ!” ಎಂದರು. ಊರಿಗೆ ಹೋಗುವ ಮಾತು ಮತ್ತೆ ಎತ್ತಲಿಲ್ಲ. ಬಿಸಿಲು ಬಂದ ಮೇಲೆ ಕಚೇರಿಯಲ್ಲಿ ಮನೆ ನಮ್ಮ ಹೆಸರಿಗಾಯಿತು. ಪತ್ರವನ್ನು ಇವರು ಕನ್ನಡದಲ್ಲೇ ಬರೆದರು. ಆಯಿ ಹೆಬ್ಬೆಟ್ಟು ಒತ್ತಿ, ನೇರ ಮನೆಗೆ ಬಂದು ನನ್ನ ಕೈಯಲ್ಲಿ ಬಾಗಿಲ ಕೀಲಿ ಇಟ್ಟಳು.

ದೀಪಾವಳಿಗೆ ಕಮಲಾಪುರಕ್ಕೆ, ನನ್ನ ತವರಿಗೆ, ಹೋದೆವು. ಭಾವ ಕಲಬುರಗಿಯಿಂದ ಬಂದು ಊಟ ಮಾಡಿ ಹೋದರು. ಮನೆಯ ಸುದ್ದಿ ಎತ್ತದಿದ್ದರೂ, ಹೊರಡುವಾಗ ಒಂದು ಚೀಲ ಜೋಳವನ್ನು “ಅಲ್ಲಿಗಿ ಒಯ್ರಿ” ಎಂದು ಬಿಟ್ಟು ಹೋದರು. ನನ್ನ ಅಣ್ಣನ ಮಕ್ಕಳಿಗೆ ನಾನು ಸಮುದ್ರದ ಅತ್ತಿ. ಕುಮಟೆಯವರಿಗೆ ಇಂದಿಗೂ ಮೊಗಲಾಯಿ ಅಕ್ಕ.

ಒಂದು ಸಂಜೆ ಅವ್ವ ರೊಟ್ಟಿ ಬಡಿಯುತ್ತಿದ್ದಳು, ನಾನು ಬೇಯಿಸುತ್ತಿದ್ದೆ. “ನಮ್ಮನ್ಯಾಗ ಆದ್ರ ಇಷ್ಟೊತ್ತಿಗಿ ಗಾಳಿ ಬಿಡ್ತಿತ್ತು” ಎಂದೆ. ಅವ್ವನ ಕೈ ನಿಂತಿತು.

“ಯಾವ ಮನ್ಯಾಗವ್ವಾ?”

ಹೆಂಚಿನ ಮೇಲಿನ ರೊಟ್ಟಿ ಹೊತ್ತಿತು. ಅವ್ವ ಅದನ್ನು ತೆಗೆದಿಟ್ಟು, ಹೊಸ ಹಿಟ್ಟು ನಾದುತ್ತ ಕೇಳಿದಳು: “ಆ ಮನಿ ಬಾಗಲ ಯಾವ ಕಡಿಗಿ ಅದ?”

“ಮೂಡಲಕ್ಕವ್ವ.”

“ಒಲಿ ಎಲ್ಲಿ ಹೂಡೀದಿ? ದೇವರ ಗೂಡು?”

ಹಿಟ್ಟು ಮುಗಿಯುವವರೆಗೂ ಅವಳು ಕೇಳುತ್ತಲೇ ಇದ್ದಳು. ಹೇಳುತ್ತ ಹೇಳುತ್ತ ನಾನು ಕಮಲಾಪುರದ ಒಲೆಯ ಮುಂದೆ ಕೂತುಕೊಂಡೇ, ಕುಮಟೆಯ ಮನೆಯ ಒಂದೊಂದು ಕೋಣೆಯಲ್ಲೂ ಅವ್ವನನ್ನು ಕೈಹಿಡಿದು ಓಡಾಡಿಸಿದೆ.