ಗುಂಡಿಯಷ್ಟು ಕಲ್ಲುಹೂವು

ಸ್ಮಶಾನದಲ್ಲಿ ಸಮಾಧಿ ಕಲ್ಲು ತಿಕ್ಕುವ ಕೆಲಸಕ್ಕೆ ಯಾರೂ ಹಂಬಲಿಸುವುದಿಲ್ಲ. ಬ್ರಷ್ ತಾತ ಮೂವತ್ತೈದು ವರ್ಷ ಅದನ್ನೇ ಮಾಡಿದ, ಅದೂ ಮೈಮುರಿದು. ಅಕ್ಷರಗಳ ಮೇಲೆ ಕಲ್ಲುಹೂವು ಹಬ್ಬಿತೆಂದರೆ ಸಾಕು, ಬಕೆಟ್ಟು, ಬ್ರಷ್ಷು ಹಿಡಿದು ಮಂಡಿಯೂರಿಬಿಡುತ್ತಿದ್ದ. "ಬೇರಿಲ್ಲ, ಮಣ್ಣು ಬೇಡ, ಬಿಟ್ಟಿ ಬಿಡಾರ," ಎಂದು ಬೈಯುತ್ತಲೇ ಬೂದುಹಸಿರು ಚಕ್ಕೆಗಳನ್ನು ಎಬ್ಬಿಸುತ್ತಿದ್ದ. ಆ ಬಿಡಾರದಲ್ಲಿ ಇರುವುದು ಎರಡು ಜೀವ. ಬೂಸ್ಟು ಗೂಡು ಕಟ್ಟುತ್ತದೆ, ಪಾಚಿ ಬಿಸಿಲಿನಲ್ಲಿ ಅಡುಗೆ ಮಾಡುತ್ತದೆ. ಬರಿಗಲ್ಲಿನ ಮೇಲೆ ಒಂದನ್ನು ಬಿಟ್ಟು ಇನ್ನೊಂದು ಬಾಳದು. ಇದನ್ನೆಲ್ಲ ಅವನಿಗೆ ಹೇಳುವವರು ಯಾರು?

ಅವನು ಮುಟ್ಟದೆ ಬಿಟ್ಟದ್ದು ಒಂದೇ ಕಲ್ಲು, ಹಿಂದಿನ ಗೋಡೆಯ ಮೂಲೆಯದು. ಆರೇ ದಿನ ಬದುಕಿದ್ದ ಅವನ ಮಗಳದು. ಹೆಸರಿಡುವ ಮೊದಲೇ ಹೋದವಳು, ಹಾಗಾಗಿ ಕಾಡುಗಲ್ಲಿನ ಮೇಲೆ ಒಂದಕ್ಷರವೂ ಇರಲಿಲ್ಲ. ಹೆಂಡತಿ ಪ್ರತಿ ಭಾನುವಾರ ಅಲ್ಲಿ ಕೂತು ಬರುತ್ತಿದ್ದಳು. ಇವನು ಮಾತ್ರ ಆ ಕಡೆ ತಲೆಹಾಕಿದವನಲ್ಲ. ಎದೆಗಾರಿಕೆ ಸಾಲಲಿಲ್ಲ.

ಕೆಲಸದ ಕೊನೆಯ ದಿನ ಮನಸ್ಸು ಚುಚ್ಚಿತು. ಊರವರ ಕಲ್ಲನ್ನೆಲ್ಲ ತೊಳೆದೆ, ನನ್ನ ಕೂಸಿನದನ್ನೇ ಬಿಟ್ಟೆನಲ್ಲ. ಮಧ್ಯಾಹ್ನವಿಡೀ ಕಣ್ಣೊರೆಸಿಕೊಳ್ಳುತ್ತ ಫಳಫಳ ಎನ್ನುವ ಹಾಗೆ ತಿಕ್ಕಿದ. ಭಾನುವಾರ ಹೆಂಡತಿಯ ಜೊತೆ ತಾನೂ ಹೊರಟ. ಒಂದು ಒಳ್ಳೆಯ ಮಾತು ಸಿಕ್ಕೀತೆಂಬ ಆಸೆಯಿತ್ತು.

ಆಕೆ ಕಲ್ಲನ್ನು ನೋಡಿ ನಿಂತೇಬಿಟ್ಟಳು. ಆಮೇಲೆ ಚೀಲದಿಂದ ಕೂಸಿನ ಅಂಗಿಯ ಗುಂಡಿ ತೆಗೆದಳು.

"ಕಲ್ಲು ಇಟ್ಟಾಗ ಅದರ ಮೇಲಿನ ಹೂವು ಈ ಗುಂಡಿಯಷ್ಟಿತ್ತು ರೀ. ವರ್ಷಕ್ಕೆ ಒಂದು ಅಕ್ಕಿಕಾಳಿನ ದಪ್ಪ ಬೆಳೀತಿತ್ತು. ಈಗ ನನ್ನ ಅಂಗೈಯಷ್ಟಾಗಿತ್ತು. ಅವಳೇ ಬೆಳೀತಿದಾಳೆ ಅಂದ್ಕೊಂಡು ನೋಡ್ತಿದ್ದೆ."

ತಾತ ಬೋಳುಗಲ್ಲಿನ ಮೇಲೆ ಕೈಯಾಡಿಸಿದ. "ನಂಗೆ ಗೊತ್ತಿರಲಿಲ್ಲ ಕಣೇ."

"ಬರ್ತಿದ್ರೆ ಗೊತ್ತಾಗ್ತಿತ್ತು."

ಅಷ್ಟೇ ಅಂದಳು. ಎರಡೇಟು ಹೊಡೆದಿದ್ದರೆ ವಾಸಿಯಿತ್ತು.

ಅಂದಿನಿಂದ ಒಂದು ಭಾನುವಾರವನ್ನೂ ಅವನು ತಪ್ಪಿಸಲಿಲ್ಲ. ಹೂವು ಮತ್ತೆ ಹುಟ್ಟಲು ಯಾರೋ ಹಾಲು ಬಳಿ ಎಂದರು, ಇನ್ಯಾರೋ ಗಂಜಿ ಎಂದರು. ಎಲ್ಲ ಬಳಿದ, ಇರುವೆಗಳಿಗೆ ಹಬ್ಬವಾಯಿತು, ಕಲ್ಲು ಬೋಳಾಗಿಯೇ ಉಳಿಯಿತು. ಅವನ ಆತುರಕ್ಕೆ ಬಗ್ಗುವ ಜೀವವಲ್ಲ ಅದು.

ಆರನೆಯ ವರ್ಷ ಒಂದು ಬೆಳಿಗ್ಗೆ, ಭೂತಗನ್ನಡಿ ಹಿಡಿದು ಕೂತಿದ್ದವನಿಗೆ ಬಿರುಕಿನ ಪಕ್ಕದಲ್ಲಿ ಸಾಸಿವೆಕಾಳಿಗಿಂತ ಸಣ್ಣ ಬೂದುಹಸಿರು ಚುಕ್ಕೆ ಕಂಡಿತು. ಹೆಂಡತಿಯ ಕೈ ಜಗ್ಗಿದ. "ಬಂತು ಕಣೇ. ನೋಡು, ಬಂತು."

ಆಕೆ ಬಗ್ಗಿ ಬಹಳ ಹೊತ್ತು ನೋಡಿದಳು. ಆಮೇಲೆ ಗುಂಡಿಯನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.

"ಈ ಸಲ ಮೊದಲಿಂದ ನೀವೇ ನೋಡ್ಕೊಳ್ಳಿ," ಅಂದಳು.