ಕಾಶಿಬಾಯಿ ತುಂಬಿ ಕಳಿಸಿದ ಬಾಟಲಿ

ಮೊನ್ನೆ ನಾನು ಕುರಿಗಳ ವಿರುದ್ಧ ಸಾಕ್ಷಿ ಹೇಳಿದೆ. ಬೇಕೆಂದು ಹೇಳಿದ್ದಲ್ಲ, ಗೊತ್ತಿಲ್ಲದೆ ಹೇಳಿದ್ದು. ಆದರೆ ಅದರಿಂದ ಕುರಿಗಳಿಗೇನು ಲಾಭ?

ನನ್ನ ಚಿಕ್ಕಪ್ಪನ ಮಗಳು ಸುಜಾತಾ ಬೀದರಿನ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಕಲಿಸುತ್ತಾಳೆ. ದಿನಾ ಭಾಲ್ಕಿಯಿಂದ ಬಸ್ಸಿನಲ್ಲಿ ಬರುತ್ತಾಳೆ. ಔರಾದ ತಾಲ್ಲೂಕಿನ ಡಾಬಕಾ ಕಡೆಯ ಒಂದು ಸಣ್ಣ ಜಲಾಶಯದ ಆರೋಗ್ಯ ನೋಡುವುದು ಅವಳ ಈ ವರ್ಷದ ಪ್ರಾಜೆಕ್ಟ್. (ಮನುಷ್ಯರಾದ ನಾವು ಬಿಪಿ ನೋಡಿಸಿಕೊಳ್ಳಲು ಮೀನಮೇಷ ಎಣಿಸುತ್ತೇವೆ. ಜಲಾಶಯಕ್ಕೆ ವಾರಕ್ಕೊಮ್ಮೆ ಚೆಕಪ್!) ವಾರಕ್ಕೊಂದು ಬಾಟಲಿ ನೀರು ಬರಬೇಕು. ಆದರೆ ತುಂಬಿ ಕಳಿಸುವವರು ಯಾರು?

ಕಾಶಿಬಾಯಿ ಸಿಕ್ಕಳು. ದಂಡೆಯ ಹತ್ತಿರವೇ ಮನೆ, ನಲವತ್ತು ಕುರಿ, ಗಟ್ಟಿ ಗಂಟಲು. ಈ ಕೆಲಸಕ್ಕೆ ಅವಳಿಗಿಂತ ತಕ್ಕವರು ಇರಲಿಲ್ಲ, ಯಾಕೆಂದರೆ ನೀರಿನ ಮೇಲೆ ಅವಳಿಗೇ ಸಿಟ್ಟಿತ್ತು. ಈ ಬೇಸಿಗೆಯಲ್ಲಿ ನೀರು ಹಸಿರುಗಟ್ಟಿದ ಮೇಲೆ ಅವಳ ಎರಡು ಮರಿಗಳು ಸತ್ತಿದ್ದವು. ಪಂಚಾಯಿತಿಗೆ ಹೋಗಿ ಹೇಳಿದರೆ, "ನೀರಿನಿಂದಲೇ ಅಂತ ಹ್ಯಾಂಗ ಹೇಳ್ತೀ?" ಅಂದಿದ್ದರಂತೆ. ಸುಜಾತಾ ಅವಳ ಕೈಗೆ ಬಾಟಲಿಗಳನ್ನು ಕೊಟ್ಟು, "ಸೋಮವಾರಕ್ಕೊಂದು ಜಲಾಶಯದ ನೀರು ತುಂಬಿ ಬಸ್ಸಿನ ಕಂಡಕ್ಟರ್ ಕೈಯಾಗ ಕಳಸ್ರಿ" ಎಂದು ಹೇಳಿ ಬಂದಳು. ಮದುವೆ ಪತ್ರಿಕೆ, ಔಷಧ, ಉಪ್ಪಿನಕಾಯಿ ಎಲ್ಲ ಬಸ್ಸಿನಲ್ಲೇ ಓಡಾಡುವ ಊರು ನಮ್ಮದು. ನೀರು ಬಂದರೆ ಏನು ವಿಶೇಷ?

ಬಾಟಲಿ ಬಂತು. ಸುಜಾತಾಳ ವಿದ್ಯಾರ್ಥಿಗಳು ಪರೀಕ್ಷೆ ಮಾಡಿದರು. ರಿಪೋರ್ಟ್ ನೋಡಿ ನಾನು ದಂಗಾದೆ. ಬಣ್ಣವಿಲ್ಲ, ವಾಸನೆಯಿಲ್ಲ, ಕರಗಿದ ಲವಣ ಇದೆಯೋ ಇಲ್ಲವೋ ಅನ್ನುವಷ್ಟು. ನಮ್ಮ ಮನೆ ನಲ್ಲಿಗಿಂತ ಆ ಜಲಾಶಯವೇ ವಾಸಿ!

ಅಲ್ಲಿಗೆ ಸುಮ್ಮನಿರಬೇಕಿತ್ತು. ಅಂಕಣಕಾರ ಸುಮ್ಮನಿರುತ್ತಾನೆಯೇ? ಸುಜಾತಾ ಕ್ಲಾಸಿಗೆ ಹೋದಾಗ ಅವಳ ಟೇಬಲ್ ಮೇಲಿದ್ದ, ಜಲಾಶಯದ ಹೆಸರು ಬರೆದ ಆ ರಿಪೋರ್ಟಿನ ಫೋಟೋ ತೆಗೆದೆ. "ನಮ್ಮ ಜಿಲ್ಲೆಯ ನೀರು ಸ್ಫಟಿಕದಷ್ಟು ಶುದ್ಧ, ಹೆಮ್ಮೆಯಿಂದ ಶೇರ್ ಮಾಡಿ" ಎಂದು ಬರೆದು ವಾಟ್ಸಾಪ್ ಗ್ರೂಪಿಗೆ ಬಿಟ್ಟೆ. ಜನ ನಿಜವಾಗಿಯೂ ಹೆಮ್ಮೆಯಿಂದ ಶೇರ್ ಮಾಡಿದರು. ಇಪ್ಪತ್ತು ವರ್ಷ ಬರೆದ ನನ್ನ ಯಾವ ಲೇಖನಕ್ಕೂ ಆ ಭಾಗ್ಯ ಬಂದಿರಲಿಲ್ಲ.

ಎರಡು ದಿನ ಬಿಟ್ಟು ಸುಜಾತಾ ಫೋನ್ ಮಾಡಿದಳು. ಭಾಲ್ಕಿ ಕಡೆ ಅಣ್ಣನಿಗೆ ದಾದಾ ಅನ್ನುತ್ತಾರೆ. ಆದರೆ ಆವತ್ತಿನ 'ದಾದಾ'ದಲ್ಲಿ ಅಕ್ಕರೆ ಇರಲಿಲ್ಲ. "ದಾದಾ, ಕಾಶಿಬಾಯಿದು ಮತ್ತೊಂದು ಮರಿ ಸತ್ತದ. ಪಂಚಾಯಿತಿಗೆ ಹೋದ್ರ ನಿನ್ನ ಮೆಸೇಜ್ ತೋರ್ಸಿ ಮನಿಗಿ ಕಳಿಸ್ಯಾರ. ನೀ ಯಾರ್ನ ಕೇಳಿ ಕಳಿಸ್ದಿ? ಆ ನೀರಾಗ ಲವಣ ಇಲ್ಲಂದ್ರ ಇಲ್ಲ. ಜಲಾಶಯದ ನೀರು ಲವಣ ಇಲ್ದ ಇರ್ತದೇನು?"

ಮರುದಿನ ಅವಳ ಜೊತೆ ನಾನೂ ಹೋದೆ, ಅಪರಾಧಿಯ ಹಾಗೆ ಹಿಂದಿನ ಸೀಟಿನಲ್ಲಿ ಕೂತು. ದಂಡೆಯಲ್ಲಿ ನಿಂತು ನೋಡಿದರೆ ನೀರಿನ ಮೇಲೆ ಹಸಿರು ಕೆನೆ. ಬಾಟಲಿಯ ನೀರಿಗೂ ಇದಕ್ಕೂ ದೂರದ ನೆಂಟಸ್ತಿಕೆಯೂ ಇರಲಿಲ್ಲ.

ಕಾಶಿಬಾಯಿ ಮೊದಲು ಚಹಾ ಕೊಟ್ಟಳು. ಆಮೇಲೆ ಸುಜಾತಾ ಮೆಲ್ಲಗೆ ಕೇಳಿದಳು, "ಬಾಯಿ, ಆ ಬಾಟಲಿ ನೀರು ಎಲ್ಲಿಂದ ತುಂಬಿದ್ರಿ?"

"ಫಿಲ್ಟರ್ ಮಷೀನಿಂದು ರೀ ಮೇಡಮ್. ಊರಾಗ ಹೋಗಿ ತಂದಿನಿ."

"ಜಲಾಶಯದ್ದು ಕಳಸ್ರಿ ಅಂದಿದ್ನಲ್ರಿ?"

ಕಾಶಿಬಾಯಿಗೆ ನಮ್ಮ ತಿಳಿವಳಿಕೆಯ ಮೇಲೇ ಅನುಮಾನ ಬಂತು. "ಬೀದರದಿಂದ ಇಷ್ಟು ದೂರ ಬಂದು ನೀರು ಕೇಳೀರಿ. ಆ ಖರಾಬ್ ನೀರು ಹ್ಯಾಂಗ ಕಳಸ್ಲಿರಿ? ಕಾಲೇಜಿನ ಮಂದಿ ನೋಡಿ ಏನ್ ಅಂದಾರು? ನಮ್ಮೂರಿಗಿ ಇಜ್ಜತ್ ಬ್ಯಾಡೇನ್ರಿ? ಬಾಟಲಿನೂ ಸಾಬೂನ್ ಹಚ್ಚಿ ತೊಳದಿನಿ."

ನನಗೆ ನಗು ಬಂತು. ಸುಜಾತಾ ನಗಲಿಲ್ಲ. ನೀರು ಕೇಳಿದವರಿಗೆ ಮನೆಯಲ್ಲಿರುವ ಒಳ್ಳೆಯ ನೀರನ್ನೇ ಕೊಡುವುದು ನಮ್ಮ ಕಡೆಯ ರೀತಿ. ಆ ರೀತಿಯನ್ನು ತಪ್ಪು ಅನ್ನುವುದು ಹೇಗೆ? ಪರೀಕ್ಷೆ ಎಂದರೆ ಏನು, ಆ ಕಾಗದ ಯಾರ ಯಾರ ಕೈಗೆ ಹೋಯಿತು, ಪಂಚಾಯಿತಿಯವರು ತೋರಿಸಿದ್ದು ಏನನ್ನು ಎಂದು ಅವಳು ನಿಧಾನವಾಗಿ ಬಿಡಿಸಿ ಹೇಳಿದಳು. ಕಾಶಿಬಾಯಿ ಕೇಳುತ್ತ ಕೇಳುತ್ತ ಚಹಾದ ಬಸಿ ಕೆಳಗಿಟ್ಟಳು.

"ಅಂದ್ರ ನನ್ನ ಮರಿಗೋಳ ಮ್ಯಾಲ ನಾನೇ ಸುಳ್ಳು ಹೇಳ್ದಂಗ ಆತಲ್ರಿ?"

ನನ್ನ ನಗು ಅಲ್ಲೇ ನಿಂತಿತು. "ನೀವಲ್ರಿ, ಊರಿಗೆಲ್ಲ ಹೇಳಿದವ ನಾನು" ಅಂದೆ. ಅವಳು ನನ್ನನ್ನು ಕ್ಷಮಿಸಿದಳೋ ಇಲ್ಲವೋ ಗೊತ್ತಾಗಲಿಲ್ಲ. ಸೀದಾ ಎದ್ದು ಹೊಸ ಬಾಟಲಿ ಹಿಡಿದು ದಂಡೆಗೆ ನಡೆದಳು. ಹೋಗುತ್ತ ಹೋಗುತ್ತ ಪಾಠವನ್ನೂ ಮಾಡಿದಳು: "ಇಲ್ಲಿ ಕಪ್ಪಿ ಒದರೂದು ನಿಂತು ಎರಡು ವರ್ಷ ಆತ್ರಿ. ಆ ಬಾಜೂಕ ಕುರಿ ಮೂಸಿ ನೋಡಿ ವಾಪಸ್ ಬರ್ತಾವ. ಮರಿಗೋಳಿಗಿ ತಿಳಿಯಾಲ್ಲ, ಕುಡಿತಾವ." ಸುಜಾತಾ ನೋಟ್‌ಬುಕ್ ತೆಗೆದು ಪುಟಗಟ್ಟಲೆ ಬರೆದುಕೊಂಡಳು. ನಮ್ಮ ಪ್ರಾಜೆಕ್ಟ್ ಹುಟ್ಟುವ ಮೊದಲೇ ಇಲ್ಲೊಂದು ಪ್ರಾಜೆಕ್ಟ್ ನಡೆದಿತ್ತು. ಕೇಳಿದವರು ಇರಲಿಲ್ಲ, ಅಷ್ಟೇ.

ಈ ಸಲದ ರಿಪೋರ್ಟ್ ಬಂದಿದೆ. ಸುಜಾತಾ ಅದನ್ನು ಕಾಶಿಬಾಯಿಯ ಅರ್ಜಿಯ ಜೊತೆ ಪಂಚಾಯಿತಿಗೆ ತಾನೇ ಹೋಗಿ ಕೊಟ್ಟು ಬಂದಳು. ಗ್ರೂಪಿನಲ್ಲಿ ನಾನು ತಪ್ಪೊಪ್ಪಿಗೆ ಹಾಕಿದೆ. ಅದನ್ನು ಯಾರೂ ಶೇರ್ ಮಾಡಲಿಲ್ಲ.

ಆದರೆ ಆವತ್ತಿನ ಒಂದು ನೋಟ ಕಣ್ಣಿಂದ ಹೋಗುತ್ತಿಲ್ಲ. ಬಾಟಲಿ ತುಂಬಿದ ಮೇಲೆ ರಸ್ತೆವರೆಗೆ ಬರುವಾಗ ಎದುರಿಗೆ ಜನ ಸಿಕ್ಕರು. ಕಾಶಿಬಾಯಿ ಆ ಹಸಿರು ನೀರು ಕಾಣದಂತೆ ಬಾಟಲಿಯ ಮೇಲೆ ಸೆರಗು ಎಳೆದುಕೊಂಡಳು. ಅವಳೇನು ಆ ನೀರು ಕೆಡಿಸಿದವಳಲ್ಲ. ಅದೇ ದಂಡೆಯಲ್ಲಿ ಹೋದ ದಸರೆಗೆ ಶಾಂಪೂ ಸುರಿದು ಕಾರು ತೊಳೆದವನು ನಾನು, ನಾನೇನು ಮುಚ್ಚಿಕೊಂಡಿದ್ದೆ?